ಬೂಟು ತಗೊಂಡು ಬಾ

ಬಾಗಿಲ ಸಂದಿಯಲ್ಲಿ ಮತ್ತೆ ಸಹಾಯಕ ಕೋಚ್ ಸರ್ ಬೋಳುತಲೆ, ಈ ಸಲ ನಾನೇ, ಖಂಡಿತ ನಾನೇ, ಆದರೆ ಅವರ ಕಣ್ಣು ನನ್ನ ಮೇಲೆ ನಿಲ್ಲದೆ ಜಾರಿ ಮೂಲೆಯಲ್ಲಿದ್ದ ಉದ್ದಕಾಲಿನವಳ ಮೇಲೆ ಕೂತಿತು, ಬೂಟು ತಗೊಂಡು ಬಾಮ್ಮ ಅಂದರು, ಅಷ್ಟೇ. ಈ ಫುಟ್‌ಬಾಲ್ ತಂಡದ ಪದ್ಧತಿಯೇ ಹಾಗೆ, ಬೇಡವಾದವರನ್ನು ಒಬ್ಬೊಬ್ಬರಾಗಿ ಕೋಚ್ ಮೇಡಂ ಕೋಣೆಗೆ ಕರೆಯುತ್ತಾರೆ, ಬೂಟು ಕೈಯಲ್ಲೇ ಇದ್ದರೆ ವಾಪಸ್ಸು ಬಂದು ನಮ್ಮ ಮುಖ ನೋಡುವ ಕಷ್ಟವಿಲ್ಲ, ಹಿಂಬಾಗಿಲಿಂದ ಹಾಗೇ ಮನೆಗೆ, ಕರೆಯದೆ ಉಳಿದವರಿಗೆ ಒಪ್ಪಂದ, ಸಂಬಳ, ಬೆನ್ನ ಮೇಲೆ ಸ್ವಂತ ನಂಬರು — ಉದ್ದಕಾಲಿನವಳು ನಿನ್ನೆ ಎರಡು ಗೋಲು ಹೊಡೆದವಳು, ಅವಳೇ ಹೋದ ಮೇಲೆ ನಾನ್ಯಾವ ಲೆಕ್ಕ, ನಾನು ಎಡಗಡೆ ಗೆರೆ ಕಾಯುವವಳು, ಆಯ್ಕೆ ಶಿಬಿರದ ಮೂರು ವಾರದಲ್ಲಿ ಮೇಡಂ ನನ್ನನ್ನು ಹೊಗಳಿಲ್ಲ, ಬೈದೂ ಇಲ್ಲ, ಬೈದಿದ್ದರಾದರೂ ಸಮಾಧಾನವಿತ್ತು, ನಾನೊಬ್ಬಳಿದ್ದೇನೆ ಅಂತ ಗೊತ್ತಿದೆಯಲ್ಲ ಅಂತ. ಮುಗೀತು ಕಣ್ರೇ, ಅವಳೇ ಕೊನೆಯವಳಂತೆ, ಇನ್ಯಾರನ್ನೂ ಕರೆಯಲ್ಲ, ಅಂದಳು ಗೋಲ್ ಕಾಯುವ ದೊಡ್ಡಕ್ಕ, ಎಲ್ಲರೂ ತಬ್ಬಿಕೊಳ್ಳುತ್ತಿದ್ದಾರೆ, ನನ್ನ ತಲೆಯ ಮೇಲಿಂದಲೇ ತಬ್ಬಿಕೊಳ್ಳುತ್ತಿದ್ದಾರೆ, ಯಾರದೋ ಮೊಣಕೈ ನನ್ನ ಕಿವಿಗೆ, ಹಾಗಾದರೆ ನಾನು ಉಳಿದೆನೇ, ಉಳಿದೆನೋ ಇಲ್ಲ ಮರೆತರೋ?

ಮರೆತಿರಬಹುದು, ಯಾಕಾಗಬಾರದು, ಹಿಂದಿನ ತಂಡದವರು ನನ್ನನ್ನು ಪೆಟ್ರೋಲ್ ಬಂಕಿನಲ್ಲೇ ಬಿಟ್ಟು ಹೋಗಿರಲಿಲ್ಲವೇ, ಶೌಚಾಲಯದಿಂದ ಬರುವಷ್ಟರಲ್ಲಿ ಬಸ್ಸಿಲ್ಲ, ತಲೆ ಎಣಿಸಿದ್ದರಂತೆ, ಲೆಕ್ಕ ಸರಿಯಾಗಿತ್ತಂತೆ, ನನ್ನ ಸೀಟಿನ ಮೇಲಿದ್ದ ಚೆಂಡಿನ ಮೂಟೆಯನ್ನೂ ಎಣಿಸಿಬಿಟ್ಟಿದ್ದರು. ಶಾಲೆಯ ವ್ಯಾನ್ ಓಡಿಸುವ ಅಪ್ಪ ಕೆಂಡಾಮಂಡಲ, ನಾನು ಇಷ್ಟು ವರ್ಷದಲ್ಲಿ ಒಂದು ಮಗೂನಾದ್ರೂ ಬಿಟ್ಟು ಬಂದಿದೀನಾ ಅಂತ ನನಗೇ ಬೈದ, ಪಾಪ, ಇನ್ಯಾರಿಗೆ ಬೈಯಬೇಕು, ಈಗಲೂ ಫೋನ್ ಕೈಯಲ್ಲಿ ಹಿಡಿದೇ ಕೂತಿರುತ್ತಾನೆ. ಸುಮ್ಮನೆ ಬಾಯಿ ಮುಚ್ಚಿಕೊಂಡು ಕೂತುಬಿಡಲೇ, ಯಾರಿಗೆ ಗೊತ್ತಾಗುತ್ತದೆ, ಆದರೆ ನಾಳೆ ಅಂಗಿ ಹಂಚುವಾಗ ಒಂದು ಕಮ್ಮಿ ಬಿದ್ದು, ಅಯ್ಯೋ ನಿನ್ನ ಕರೆಯೋದೇ ಮರೆತ್ವಲ್ಲ ಅಂದರೆ, ಎಲ್ಲರೆದುರು — ಬೇಡ, ಅದು ನನ್ನಿಂದ ಆಗದು. ನನಗೆ ಈ ಜಾಗ ಬೇಕು, ಹೊಟ್ಟೆಯೊಳಗಿಂದ ಬೇಕು, ಆದರೆ ನೋಡಿ ಕೊಟ್ಟಿರಬೇಕು, ನೋಡದೆ ಬಿಟ್ಟುಹೋದದ್ದಾಗಬಾರದು.

ಬೂಟು ಎತ್ತಿಕೊಂಡೆ, ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ, ಕಾರಿಡಾರಿನಲ್ಲಿ ನೋವಿನೆಣ್ಣೆಯ ವಾಸನೆ, ಛೆ, ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳಲು ಹೊರಟ ಪೆದ್ದಿ, ಇನ್ನೂ ಹೊತ್ತಿದೆ, ತಿರುಗಿ ಹೋಗು, ಆದರೆ ಕೈ ಆಗಲೇ ಬಾಗಿಲು ತಟ್ಟಿದೆ. ಮೇಡಂ ತಲೆಯೆತ್ತಿ ಮೊದಲು ನನ್ನ ಕೈ ನೋಡಿದರು, ಬೂಟು ಯಾಕೆ ತಂದೆ, ನಿನ್ನ ಕರೆದಿಲ್ಲವಲ್ಲ. ಕರೆಯೋದು ಮರೆತ್ರೇನೋ ಅಂತ, ಮೇಡಂ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಈಗ ನಗುತ್ತಾರೆ ಅಂದುಕೊಂಡೆ, ನಗಲಿಲ್ಲ. ಮೂರು ವಾರದಿಂದ ಎಡಗಡೆ ಏನಾಗ್ತಿದೆ ಅಂತ ತಿರುಗಿ ನೋಡೋ ಪ್ರಮೇಯಾನೇ ಬಂದಿಲ್ಲ ನನಗೆ, ಅದು ಯಾರಿಂದ ಅಂತ ಗೊತ್ತಿಲ್ಲ ಅಂದ್ಕೊಂಡ್ಯಾ, ಹೋಗು, ನಾಳೆ ಬೇಗ ಬಾ.

ಹೋಗಬೇಕು, ಏನಾದರೂ ಹೇಳಿ ಹೋಗಬೇಕು, ಅಪ್ಪನಿಗೆ ಫೋನ್ ಮಾಡಬೇಕು, ಆದರೆ ಕಣ್ಣು ಕೆಳಗೇ ಅಂಟಿಕೊಂಡಿದೆ, ಕೈಯಲ್ಲಿರುವ ಎಡಗಾಲಿನ ಬೂಟಿನ ಅಂಚಿಗೆ ಮೆತ್ತಿದ್ದ ಮೈದಾನದ ಗೆರೆಯ ಸುಣ್ಣ ಉದುರುತ್ತಿದೆ, ಬೂಟು ಅಲುಗಿದಷ್ಟೂ ಉದುರುತ್ತಿದೆ, ಮೇಡಂ ಕೋಣೆಯ ಕಪ್ಪು ನೆಲದ ಮೇಲೆ ಸುಣ್ಣ, ಬಿಳೀ ಸುಣ್ಣ, ನನ್ನ ಗೆರೆಯ ಸುಣ್ಣ —