ಕುಂತಿಬೆಟ್ಟ ಮಾರ್ಕಿನ ಅಂಟು

ಕುಂತಿಬೆಟ್ಟ ಮಾರ್ಕಿನ ಚುಟ್ಟಕ್ಕೆ ತೊಂಬತ್ತು ವರ್ಷ ತುಂಬಿದಾಗ, ಅದರ ಚರಿತ್ರೆ ಬರೆಯುವ ಕೆಲಸ ರವೀಂದ್ರನ ಪಾಲಿಗೆ ಬಂತು. ಪಾಂಡವಪುರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷದಿಂದ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದ ಅವನು ಊರಿನ ಯಾವ ಕಲ್ಲಿನ ಬಗ್ಗೆ ಕೇಳಿದರೂ ಕಥೆ ಹೇಳಬಲ್ಲ ಮನುಷ್ಯ. ಚುಟ್ಟದ ಕಾರ್ಖಾನೆಯ ಈಗಿನ ಯಜಮಾನ ಚಲುವರಾಜು ಅವನ ಬಾಲ್ಯದ ಗೆಳೆಯ. ಚುಟ್ಟ ಸೇದುವವರು ಬೆರಳೆಣಿಕೆಯಷ್ಟು ಉಳಿದಿದ್ದರು, ಬೋರ್ಡು ಹಾಕಿ ಜಾಹೀರಾತು ಮಾಡುವಂತೆಯೂ ಇರಲಿಲ್ಲ. ಆದರೆ ತಾತನ ಹೆಸರು ಉಳಿಯಲಿ ಎಂದು ಚಲುವರಾಜುವಿಗೆ ಒಂದು ಪುಸ್ತಕದ ಆಸೆ.

ತಾತ ನಂಜಪ್ಪನ ಕಥೆ ಆ ಸೀಮೆಗೆಲ್ಲ ಗೊತ್ತಿತ್ತು. ದಿಂಡಿಗಲ್ಲಿನಿಂದ ರೈಲಿನಲ್ಲಿ ಹೊಗೆಸೊಪ್ಪು ತರಿಸಿ, ಸ್ಟೇಷನ್ ರಸ್ತೆಯ ಒಂದು ಹೆಂಚಿನ ಮನೆಯಲ್ಲಿ ಚುಟ್ಟ ಸುತ್ತಿಸಲು ಶುರು ಮಾಡಿದವನು ಅವನು. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಆ ಚುಟ್ಟ ಸಿಗದ ಸಂತೆಯೇ ಇರಲಿಲ್ಲ. ಅದರ ಹೆಚ್ಚುಗಾರಿಕೆ ಇದ್ದದ್ದು ಅಂಟಿನಲ್ಲಿ. ಬೇರೆಯವರ ಚುಟ್ಟ ಅರ್ಧ ಉರಿಯುವಷ್ಟರಲ್ಲಿ ಮೇಲಿನ ಎಲೆ ಬಿಚ್ಚಿಕೊಂಡರೆ, ಕುಂತಿಬೆಟ್ಟ ಕೊನೇ ಬೂದಿಯವರೆಗೂ ಬಿಗಿಯಾಗಿ ನಿಲ್ಲುತ್ತಿತ್ತು. ರಾಗಿ ಗಂಜಿಗೆ ಬೆಲ್ಲ ಬೆರೆಸಿ ನಂಜಪ್ಪನೇ ಕಂಡುಹಿಡಿದ ಅಂಟು ಅದು ಎಂದು ಮನೆಯವರು ಹೇಳುತ್ತಿದ್ದರು. ಪುಸ್ತಕದಲ್ಲಿ ಅಂಟಿನದೇ ಒಂದು ಅಧ್ಯಾಯ ಇರಬೇಕೆಂದು ಚಲುವರಾಜು ಹೇಳಿದ್ದ.

ಆ ಅಧ್ಯಾಯಕ್ಕೆಂದೇ ರವೀಂದ್ರ ಒಂದು ಮಧ್ಯಾಹ್ನ ಕೆ.ಆರ್. ಪೇಟೆ ದಾಟಿ ಹೇಮಗಿರಿ ಕಡೆ ಬೈಕು ಓಡಿಸಿದ. ಹಳೇ ಸುತ್ತುವವರಲ್ಲಿ ಬದುಕಿದ್ದವಳು ಪುಟ್ಟಲಕ್ಷ್ಮಮ್ಮ ಒಬ್ಬಳೇ. ಪಾಂಡವಪುರದ ಕೇರಿಯವಳು, ಹನ್ನೆರಡನೇ ವಯಸ್ಸಿಗೆ ಕಾರ್ಖಾನೆ ಸೇರಿ ನಲವತ್ತು ವರ್ಷ ಸುತ್ತಿದವಳು. ಈಗ ಎಂಬತ್ತು ದಾಟಿತ್ತು, ಮಗಳ ಮನೆಯಲ್ಲಿದ್ದಳು. ಮೊಮ್ಮಗಳು ಸ್ನೇಹ ಪಾಂಡವಪುರದ ಒಂದು ಆಸ್ಪತ್ರೆಯಲ್ಲಿ ನರ್ಸು, ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದಳು.

ಸ್ನೇಹ ಅಂಗಳಕ್ಕೆ ಕುರ್ಚಿ ತಂದು ಹಾಕಿ, ಟೀ ಮಾಡಿ ತಂದಳು. ರವೀಂದ್ರ ಈಗತಾನೇ ಕುಡಿದು ಬಂದೆ ಎಂದ. ಕುಡಿದಿರಲಿಲ್ಲ. ಬೇಡವೆಂದು ಯೋಚಿಸಿ ಹೇಳಿದ್ದೂ ಅಲ್ಲ; ಆ ಮಾತು ತಾನಾಗಿ ಬಾಯಿಗೆ ಬಂತು. ಶಾಲೆಗೆ ಬರುವ ಹೆಂಗಸರನ್ನೆಲ್ಲ ‘ನೀವು’ ಎನ್ನುವವನ ಬಾಯಲ್ಲಿ ಆ ಅಂಗಳಕ್ಕೆ ಕಾಲಿಟ್ಟ ಕೂಡಲೇ ‘ನೀನು’ ಬಂದದ್ದೂ ಹಾಗೆಯೇ. ಆಗ ಅದು ಅವನಿಗೆ ಹೊಳೆಯಲಿಲ್ಲ.

ಅವನು ಯಾರ ಮಗ ಎಂದು ತಿಳಿದ ಮೇಲಂತೂ ಪುಟ್ಟಲಕ್ಷ್ಮಮ್ಮನ ಮಾತಿಗೆ ತಡೆಯೇ ಇರಲಿಲ್ಲ. ಹೊಗೆಸೊಪ್ಪಿನ ಘಾಟಿಗೆ ಮೊದಲ ವಾರವೆಲ್ಲ ವಾಂತಿ ಮಾಡಿಕೊಂಡದ್ದು, ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡೇ ಸುತ್ತಿದ್ದು, ಜೊತೆಯವರ ಜಗಳ, ಹಾಡು ಎಲ್ಲ ಹೇಳಿದಳು. ಅವನು ಬರೆದುಕೊಳ್ಳುತ್ತಾ ಹೋದ. ಕೊನೆಗೆ ಗಂಜಿಯ ವಿಷಯ ಎತ್ತಿದ. ಮುದುಕಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

“ಗಂಜಿ ಇತ್ತು ಮೇಷ್ಟ್ರೇ, ಇಲ್ಲ ಅನ್ನಾಕಿಲ್ಲ. ಒಣಗಾಕೆ ಒತ್ತಾಗೋದು, ಮಳೆಗಾಲ್ದಲ್ಲಿ ಬೂಸ್ಲು ಬಂದ್ಬುಡೋದು. ದಿನುಕ್ಕೆ ಎಂಟ್ನೂರು ಸುತ್ತಬೇಕು. ಅದ್ಕೇ ಎಲೆ ತುದಿಯ ನಾಲ್ಗೆ ಮ್ಯಾಲೆ ಇಂಗೆ ಎಳ್ದು ಅಂಟಿಸ್ಬುಡ್ತಿದ್ವಿ. ನಂಜಪ್ಪೋರ್ಗೂ ಗೊತ್ತಿತ್ತು. ಯಾರ ಕಿವಿಗೂ ಬೀಳ್ಬಾರ್ದು ಕಣ್ರವ್ವ ಅಂದಿದ್ರು. ಇಲ್ಲೀಗಂಟ ಯಾರ್ಗೂ ಏಳಿರ್ಲಿಲ್ಲ.”

ರವೀಂದ್ರನ ಪೆನ್ನು ನಿಂತಿತು. ಮುದುಕಿ ತನ್ನ ಪಾಡಿಗೆ ಮುಂದುವರಿಸಿದಳು. ಅವನ ಅಪ್ಪ ಕೆಂಪಣ್ಣ ಪ್ರತಿ ಸಂತೆಯ ದಿನ ಕಾರ್ಖಾನೆಯ ಬಾಗಿಲಿಗೆ ಬರುತ್ತಿದ್ದನಂತೆ. ಬೇರೆ ಯಾರು ಸುತ್ತಿದ್ದೂ ಬೇಡ, ಪುಟ್ಟಲಕ್ಷ್ಮಿ ಸುತ್ತಿದ ಕಟ್ಟೇ ಬೇಕು. ಅವಳು ಕಟ್ಟನ್ನು ತಂದು ಜಗಲಿಯ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದಳು. ಆಮೇಲೆ ಅವನು ಮುಂದೆ ಬಂದು ಎತ್ತಿಕೊಂಡು, ಅಲ್ಲೇ ಒಂದನ್ನು ಬಾಯಿಗಿಟ್ಟು ಕಡ್ಡಿ ಗೀರುತ್ತಿದ್ದ. ಇದನ್ನು ಅವಳು ದೂರಿನಂತೆ ಹೇಳಲಿಲ್ಲ. ತನ್ನ ಕೈಕೆಲಸವನ್ನು ದೊಡ್ಡ ಗೌಡರು ಮೆಚ್ಚಿದ್ದರು ಎಂಬ ಸಂತೋಷಕ್ಕೆ ಹೇಳಿದಳು.

ರವೀಂದ್ರ ಕೈಮುಗಿದು ಹೊರಟ. ಹದಿನಾರು ಹದಿನೇಳರ ವಯಸ್ಸಿನಲ್ಲಿ ಅಪ್ಪ ಬಿಸಾಡಿದ ಮೋಟು ಚುಟ್ಟಗಳನ್ನು ಕಬ್ಬಿನ ಗದ್ದೆಯಲ್ಲಿ ಕದ್ದು ಸೇದಿದವನು ಅವನು. ಆಮೇಲೆ ಕಟ್ಟಿನಿಂದಲೇ ಹಾರಿಸುತ್ತಿದ್ದ. ಪಾಂಡವಪುರ ಇನ್ನೇನು ಬಂತು ಎನ್ನುವಾಗ ನಾಲೆಯ ಸೇತುವೆ ಬಳಿ ಬೈಕು ನಿಲ್ಲಿಸಿದ. ಮೆಟ್ಟಿಲಿಳಿದು, ಬೊಗಸೆಯಲ್ಲಿ ನೀರು ತುಂಬಿಕೊಂಡು ಬಾಯಿ ಮುಕ್ಕಳಿಸಿ ಉಗಿದ. ಮತ್ತೆ ಮುಕ್ಕಳಿಸಿದ. ಬೆರಳಿನಿಂದ ನಾಲಗೆ ಉಜ್ಜಿಕೊಂಡ. ನಲವತ್ತು ವರ್ಷದ ಹಿಂದಿನ ಎಂಜಲು. ಮೇಲೆ ಬಸ್ಸೊಂದು ಹಾರ್ನ್ ಹೊಡೆದು ದಾಟಿದಾಗ ಎಚ್ಚರವಾಯಿತು. ಸಮಾನತೆಯ ಪಾಠವನ್ನು ಪ್ರತಿ ವರ್ಷ ಗಂಟಲು ಹರಿಯುವಂತೆ ಹೇಳುವ ಮೇಷ್ಟ್ರು ನಾಲೆಯ ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತು ನಾಲಗೆ ತಿಕ್ಕುತ್ತಿದ್ದ. ಯಾರೂ ನೋಡಲಿಲ್ಲ ಎಂದುಕೊಂಡು ಪಂಚೆಯ ಅಂಚಿನಿಂದ ಮುಖ ಒರೆಸಿಕೊಂಡ.

ಪುಸ್ತಕ ಬರೆಯಲು ಕೂತಾಗ ಅಂಟಿನ ಅಧ್ಯಾಯ ರಾಗಿ ಗಂಜಿಯಲ್ಲೇ ಮುಗಿಯಿತು. ಮುದುಕಿ ಕಾಪಾಡಿದ ಗುಟ್ಟನ್ನು ತಾನೂ ಕಾಪಾಡುತ್ತಿದ್ದೇನೆ ಎಂದು ಸಮಾಧಾನ ಹೇಳಿಕೊಂಡ. ಆದರೆ ಅವಳ ಹೆಸರು ಬರೆಯಲು ಹೋದಾಗಲೆಲ್ಲ ಎಲೆಯ ತುದಿ ನಾಲಗೆಯ ಮೇಲೆ ಜಾರುವುದೇ ಕಣ್ಣಿಗೆ ಕಟ್ಟುತ್ತಿತ್ತು. ‘ನೂರಾರು ಕೈಗಳ ಶ್ರಮ’ ಎಂದು ಒಂದು ಸಾಲು ಬರೆದು ಮುಂದಕ್ಕೆ ಹೋದ.

ಸಮಾರಂಭ ಕಾರ್ಖಾನೆಯ ಅಂಗಳದಲ್ಲೇ ನಡೆಯಿತು. ಚಲುವರಾಜು ಕಾರು ಕಳಿಸಿ ಪುಟ್ಟಲಕ್ಷ್ಮಮ್ಮನನ್ನು ಕರೆಸಿದ್ದ. ಶಾಲು ಹೊದಿಸಿ, ಹಣ್ಣು ಕೊಟ್ಟು, ಮುಂದಿನ ಸಾಲಿನಲ್ಲಿ ಕೂರಿಸಿದ. ಆಮೇಲೆ ಮೇಷ್ಟ್ರು ಅಂಟಿನ ಅಧ್ಯಾಯ ಓದಬೇಕು ಎಂದ. ರವೀಂದ್ರ ಮೈಕಿನ ಮುಂದೆ ನಿಂತು ಓದಿದ. ನಂಜಪ್ಪ ರಾತ್ರಿಯೆಲ್ಲ ಕೂತು ಗಂಜಿಯ ಹದ ಕಂಡುಕೊಂಡ ಭಾಗಕ್ಕೆ ಬಂದಾಗ ಜನ ಚಪ್ಪಾಳೆ ತಟ್ಟಿದರು. ತಲೆ ಎತ್ತಿದರೆ ಎದುರಿಗೇ ಮುದುಕಿ. ಅವಳೂ ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಿದ್ದಳು. ಗುಟ್ಟು ತಿಳಿದವರು ಗುಟ್ಟು ತಿಳಿದವರನ್ನು ನೋಡುವ ಹಾಗೆ ಅವನನ್ನು ನೋಡಿ ನಕ್ಕಳು. ಉಳಿದದ್ದನ್ನು ಅವನು ಹೇಗೆ ಓದಿ ಮುಗಿಸಿದನೋ ಅವನಿಗೇ ತಿಳಿಯದು.

ಊಟದ ಹೊತ್ತಿಗೆ ಸ್ನೇಹ ಹತ್ತಿರ ಬಂದಳು. ಪುಸ್ತಕ ಅವಳ ಕೈಯಲ್ಲಿತ್ತು.

“ಸಾರ್, ಅಜ್ಜಿ ಹೇಳಿದ್ದನ್ನ ನೀವು ಬರೀದೇ ಇದ್ದದ್ದು ಸರಿ. ಆದ್ರೆ ಹುಡುಕ್ದೆ, ಅಜ್ಜಿ ಹೆಸ್ರೇ ಎಲ್ಲೂ ಇಲ್ಲ.”

ಜಾಗ ಸಾಲಲಿಲ್ಲ, ಪ್ರೆಸ್ಸಿನವರು ಪುಟ ಕಡಿಮೆ ಮಾಡಿದರು ಎಂದೆಲ್ಲ ಅವನು ತಡವರಿಸಿದ. ಅವಳು ಪೂರ್ತಿ ಕೇಳಿಸಿಕೊಂಡಳು.

“ಅವತ್ತು ನೈಟ್ ಡ್ಯೂಟಿ ಇತ್ತು ಸಾರ್. ನಿಮ್ಮ ಹಿಂದಿನ ಬಸ್ಸಲ್ಲೇ ಬಂದೆ. ನಾಲೆ ಹತ್ರ ನೋಡ್ದೆ ನಿಮ್ಮನ್ನ. ಅಜ್ಜಿಗೆ ಹೇಳಿಲ್ಲ.”

ಅಷ್ಟು ಹೇಳಿ ಅಜ್ಜಿಯನ್ನು ಕಾರಿಗೆ ಹತ್ತಿಸಲು ಹೋದಳು.

ರವೀಂದ್ರ ಒಂದು ವಾರ ಒದ್ದಾಡಿದ. ಚಲುವರಾಜುವಿನ ಬಳಿ ಹೋಗಿ ಸುತ್ತಿದ ಹೆಂಗಸರ ಹೆಸರಿನ ಒಂದು ಪುಟ ಸೇರಿಸೋಣ ಎಂದರೆ ಅವನು, ಹಂಚಿ ಆಯ್ತಲ್ಲೋ, ಇನ್ನೆಲ್ಲಿ ಸೇರಿಸ್ತೀಯ ಎಂದ. ಕಡೆಗೆ ಭಾನುವಾರ ಮತ್ತೆ ಹೇಮಗಿರಿ ಕಡೆ ಹೊರಟ. ಹೇಳಿಕೊಂಡುಬಿಟ್ಟರೆ ಎದೆ ಹಗುರಾಗುತ್ತದೆ ಎಂದು ಅವನು ನಂಬಿದ್ದ.

ಪುಟ್ಟಲಕ್ಷ್ಮಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಅವನು ಕುರ್ಚಿ ಬೇಡವೆಂದು ಅವಳ ಪಕ್ಕದಲ್ಲೇ ಕೂತ. ಹೆಸರು ಬಿಟ್ಟದ್ದು, ಟೀ ಕುಡಿಯದೇ ಹೋದದ್ದು, ನಾಲೆಯಲ್ಲಿ ಬಾಯಿ ತೊಳೆದದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. “ತಪ್ಪಾಯ್ತಮ್ಮ, ನನ್ನ ಕ್ಷಮಿಸಿ” ಎಂದ.

ಮುದುಕಿಯ ಕೈ ಮೊರದ ಮೇಲೆ ನಿಂತಿತು. ಮುಖದ ನಗೆ ಮೆಲ್ಲಗೆ ಹೋಯಿತು. ಅದು ಹೋಗುವುದನ್ನು ಅವನು ಎದುರಿಗೇ ಕಂಡ.

“ಇಷ್ಟ್ ದಿನ ನಿಮ್ಮನ್ ನೆನ್ಸ್ಕಂಡ್ ಖುಸಿಯಾಗಿದ್ದೆ” ಎಂದಳು. “ದೊಡ್ಗೌಡ್ರ ಮಗ ಬಂದು ಕುಂತು ಮಾತಾಡುಸ್ಕಂಡೋದ್ರು ಅಂತ ಊರ್ಗೆಲ್ಲ ಏಳಿದ್ದೆ. ಇದು ಗೊತ್ತಾಗ್ದಂಗೇ ನಾನು ಸತ್ತೋಗಿದ್ರೆ ಏನಾಯ್ತಿತ್ತು ಮೇಷ್ಟ್ರೇ?”

ತನ್ನ ಭಾರವನ್ನು ತಂದು ಎಂಬತ್ತೆರಡು ವರ್ಷದ ಹೆಂಗಸಿನ ಮಡಿಲಿಗೆ ಸುರಿದದ್ದು ಅವನಿಗೆ ಆಗ ತಿಳಿಯಿತು.

ಅವಳೇ ಮತ್ತೆ ಕೇಳಿದಳು. “ನಿಮ್ಮಪ್ಪಾರ್ಗೆ ಗೊತ್ತಾಗಿದ್ರೆ ಏನ್ ಮಾಡೋರು?”

ಅಪ್ಪ ಅಂಥವನಲ್ಲ ಎನ್ನಬಹುದಿತ್ತು. ಸತ್ತು ಇಪ್ಪತ್ತು ವರ್ಷವಾದವನ ಸಂಗತಿಯನ್ನು ಯಾರು ಪರೀಕ್ಷಿಸುತ್ತಾರೆ? ಆದರೆ ಇನ್ನೊಂದು ಸುಳ್ಳು ಹೇಳಲು ಅವನಿಂದ ಆಗಲಿಲ್ಲ.

“ಹೊಡೆಸ್ತಿದ್ರು” ಎಂದ.

“ಊಂ. ಅದು ನಿಜ” ಎಂದಳು ಪುಟ್ಟಲಕ್ಷ್ಮಮ್ಮ. ಮೊರ ಎತ್ತಿಕೊಂಡು, ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಕೂತಿರಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ರವೀಂದ್ರ ಜಗಲಿಯ ಮೇಲೆ ತಲೆ ತಗ್ಗಿಸಿ ಕೂತೇ ಇದ್ದ. ಒಳಗೆ ಪಾತ್ರೆಗಳ ಸದ್ದು ಕೇಳುತ್ತಿತ್ತು. ಯಾರೂ ಹೊರಗೆ ಬರಲಿಲ್ಲ. ಬಿಸಿಲು ಜಗಲಿ ದಾಟಿ ಅಂಗಳಕ್ಕೆ ಇಳಿದ ಮೇಲೆ ಅವನು ಎದ್ದು, ಸದ್ದಾಗದಂತೆ ಬೈಕನ್ನು ರಸ್ತೆಯವರೆಗೂ ತಳ್ಳಿಕೊಂಡು ಹೋದ.