ಬಿಸಿಲಿಗಿಟ್ಟ ದಫ್

ಖರ್ಜೂರದ ತಟ್ಟೆ ಎತ್ತಿಕೊಂಡು ಹಾಲ್‌ಗೆ ನಡೆಯುವಾಗ ನಹ್ಲಾಗೆ ಗೊತ್ತಾಯಿತು: ತಟ್ಟೆಯಡಿಯಲ್ಲಿ ತನ್ನ ಬೆರಳುಗಳು ತಾಳ ಹಾಕುತ್ತಿವೆ. ತಂದೆಯನ್ನು, ಅವಳ ಉಪ್ಪನನ್ನು, ಮಣ್ಣು ಮಾಡಿ ಗಂಟೆಯೂ ಆಗಿಲ್ಲ. ಕಣ್ಣಲ್ಲಿ ಹನಿಯಿಲ್ಲ, ಬೆರಳಿಗೆ ಮಾತ್ರ ಈ ಕುಣಿತ. ನನಗೇನಾಗಿದೆ? ಡೈರಿಯಲ್ಲೂ ಇದನ್ನು ಬರೆಯಲಾಗದು ಅನ್ನಿಸಿತು.

ಒಳಕೋಣೆಯಲ್ಲಿ ವಿಧವೆಯಾದ ಉಮ್ಮನ ಸುತ್ತ ಹೆಂಗಸರಿದ್ದರು. ಹಾಲ್‌ನಲ್ಲಿ ಕಬರಸ್ಥಾನದಿಂದ ಮರಳಿದ ಗಂಡಸರು. ಅವರ ಚಪ್ಪಲಿಯ ಮರಳು ಬಾಗಿಲಲ್ಲಿ.

"ಇಪ್ಪತ್ತೆರಡು ವರ್ಷ ಕಂಪೆನಿ ವ್ಯಾನ್ ಓಡಿಸಿದ್ರು ಹಸನಬ್ಬಾಕ. ಒಂದು ಫೈನ್ ಇಲ್ಲ," ಎಂದು ಉಪ್ಪನನ್ನು ನೆನೆದ ಪಕ್ಕದ ಫ್ಲ್ಯಾಟಿನ ನವಾಝ್.

"ಫೈನ್ ಇಲ್ಲ, ಸರಿ. ಸುಳ್ಳು ಇತ್ತು," ಎಂದರು ರಿಯಾಝ್. ಮದುವೆಗಳಲ್ಲಿ ದಫ್ ಎಂಬ ಚರ್ಮವಾದ್ಯ ಬಾರಿಸುವ ಉಪ್ಪನ ತಂಡದ ಜೊತೆಗಾರ. ಎರಡು ವರ್ಷದಿಂದ ಈ ಮನೆಯ ಮೆಟ್ಟಿಲು ಹತ್ತಿರಲಿಲ್ಲ. "ಕೈನೋವು, ಖಲಾಸ್, ಇನ್ನು ಬಾರಿಸುದಿಲ್ಲ ಅಂತ ದಫ್ ನನ್ನ ಕೈಗೆ ಕೊಟ್ಟ. ಮರುದಿನ ನೋಡಿದ್ರೆ ಎರಡು ಕೈಯಲ್ಲಿ ಎರಡು ನೀರಿನ ಕ್ಯಾನು! ನಮ್ಮೊಟ್ಟಿಗೆ ಕೂರುದು ಬೇಡಾಯ್ತು ಅವನಿಗೆ, ಅಷ್ಟೇ."

"ಇವತ್ತು ಬಿಡಿ ಮಾರಾಯ್ರೇ."

"ಬಿಡ್ಲಿಕ್ಕೆ ಆಗುದಿಲ್ಲ ನವಾಝ್. ಮಣ್ಣು ಹಾಕುವಾಗಲೂ ಅದೇ ತಲೆಯಲ್ಲಿತ್ತು."

*

ಎರಡು ವರ್ಷದ ಹಿಂದೆ, ಅಲ್ ಗರಾಫಾದ ಹಾಲೊಂದರಲ್ಲಿ ನಹ್ಲಾಳ ಗೆಳತಿಯ ಮದುವೆ. ಎಸಿಯ ತಂಪಿಗೆ ದಫ್‌ನ ಚರ್ಮ ಸಡಿಲವಾಗುತ್ತದೆಂದು ಉಪ್ಪ ಅದನ್ನು ಕಾರಿನ ಡ್ಯಾಶ್‌ಬೋರ್ಡಿನ ಬಿಸಿಲಲ್ಲಿಟ್ಟು ಬಿಗಿ ಮಾಡಿದ್ದರು. ಮೊದಲ ಪೆಟ್ಟಿಗೇ ಬಿರಿಯಾನಿ ಬಡಿಸುವವರ ಹೆಜ್ಜೆ ಬದಲಾಯಿತು. ಯಾರದೋ ತೋಳಿನ ಕೂಸು ಕಾಲಾಡಿಸಿತು. ನಹ್ಲಾಳ ಪಾದವೂ ತಾಳಕ್ಕೆ ಎದ್ದಿತು. ಅಷ್ಟರಲ್ಲಿ, ಕಣ್ಣುಮುಚ್ಚಿ ತೂಗುತ್ತಿದ್ದ ಉಪ್ಪನನ್ನು ಅವಳ ಕ್ಲಾಸ್‌ಮೇಟ್‌ಗಳು ವೀಡಿಯೊ ಮಾಡಿ ನಗುವುದು ಕಂಡಿತು.

ಮರಳುವಾಗ, ಸಿಗ್ನಲ್‌ನಲ್ಲಿ, ಉಪ್ಪನ ಬೆರಳು ಸ್ಟೀರಿಂಗಿನ ಮೇಲೆ ಇನ್ನೂ ಆಡುತ್ತಿತ್ತು.

"ಉಪ್ಪ, ಇನ್ನು ಬಾರಿಸ್ಬೇಡಿ. ನಂಗೆ ನಾಚಿಕೆ ಆಗ್ತದೆ."

ಬೆರಳು ನಿಂತಿತು. "ಆಯ್ತು ಮೋಳೆ."

ಆಮೇಲೆ ಅವರ ಎರಡೂ ಕೈ, ಲೈಸೆನ್ಸಿನ ಪರೀಕ್ಷೆಗೆ ಕೂತವರಂತೆ, ಸ್ಟೀರಿಂಗನ್ನು ಸುಮ್ಮನೆ ಹಿಡಿದೇ ಇರುತ್ತಿದ್ದವು.

*

ರಿಯಾಝ್ ಚೀಲದಿಂದ ಆ ದಫ್ ತೆಗೆದರು. "ತಗೋ ಮೋಳೆ. ಪ್ರತಿ ಮದುವೆಗೂ ಕಾರಿನಲ್ಲಿ ಬಿಸಿ ಮಾಡಿ ಇಡ್ತಿದ್ದೆ. ಅವನು ಬಂದ್ರೆ ಬಾರಿಸ್ಲಿ ಅಂತ. ಇವತ್ತೂ ಕೈ ತಾನಾಗಿ ಬಿಸಿಲಿಗಿಟ್ಟಿತು."

ನಹ್ಲಾ ತಟ್ಟೆ ಇಳಿಸಿ ಕೈಚಾಚಿದಳು. ಚರ್ಮ ಬೆಚ್ಚಗಿತ್ತು. ಬೆಳಿಗ್ಗೆ ಮುಟ್ಟಿದ ಉಪ್ಪನ ಹಣೆ ಹೀಗಿರಲಿಲ್ಲ.

"ರಿಯಾಝಾಕ," ಅಂದಳು. ಅಷ್ಟು ಜನರ ನಡುವೆ ತನ್ನ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ಉಪ್ಪನ ಕೈಗೆ ಏನೂ ಆಗಿರ್ಲಿಲ್ಲ. ಬಿಡಿಸಿದ್ದು ನಾನು. ನಂಗೆ ನಾಚಿಕೆ ಆಗ್ತದೆ ಅಂದಿದ್ದೆ."

ರಿಯಾಝ್ ಅವಳ ಕೈಯಲ್ಲಿದ್ದ ದಫ್ ನೋಡಿದರು. ಎದ್ದು ಗೋಡೆಯ ಬಳಿ ಹೋಗಿ ಎಸಿ ಆರಿಸಿದರು.