ಭಾನುವಾರ ಮೂರೂ ಇಪ್ಪತ್ತಕ್ಕೆ ತೆರೆದ ಲ್ಯಾಪ್‌ಟಾಪ್

ಲ್ಯಾಪ್‌ಟಾಪಿನ ಹೊಸ ಬೋರ್ಡಿಗೆ ನಮ್ಮ ದ್ವೀಪದ ದುಡ್ಡಿನಲ್ಲಿ ಒಂಬೈನೂರು ಪಾಂಗಾ, ಅದು ಆಕ್ಲೆಂಡಿನಿಂದ ಹಡಗಿನಲ್ಲಿ ಬರಲು ಐದು ವಾರ, ಬ್ಯಾಟರಿಯ ತಂತಿ ಕಿತ್ತು ಅರ್ಧ ಗಂಟೆ ಸುಮ್ಮನೆ ಕೂರುವುದಕ್ಕೆ ಖರ್ಚೇ ಇಲ್ಲ — ಆದರೂ ಜನ ಬೋರ್ಡನ್ನೇ ನಂಬುತ್ತಾರೆ, ನನ್ನ ರಿಪೇರಿ ಅಂಗಡಿಯ ಎದುರು ಬೆಂಚಿನಲ್ಲಿ ಮೆಲೆಸೇನಿ ಬೀಸಣಿಗೆ ಆಡಿಸುತ್ತಿದ್ದಾಳೆ, ಆ ಗಾಳಿಯಲ್ಲಿ ತೆಂಗಿನೆಣ್ಣೆಯ ಪರಿಮಳ, ಪರದೆಯಲ್ಲಿ ಮತ್ತೆ ಅದೇ ಸಾಲು, ಭದ್ರತೆಯ ಚಿಪ್ ಕಾಣುತ್ತಿಲ್ಲ, ಚಿಪ್ ಇಲ್ಲದೆ ಡಿಸ್ಕಿನ ಬೀಗ ತೆಗೆಯದು, ಬೀಗದ ಹಿಂದೆ ಅವಳ ಶಾಲೆಯ ನೂರಾ ನಲವತ್ತು ಮಕ್ಕಳ ಅಂಕ, ಇವತ್ತು ಸಂಜೆ ನಾಲ್ಕರೊಳಗೆ ಕಳುಹಿಸದಿದ್ದರೆ ಆ ಮಕ್ಕಳಿಗೆ ಈ ವರ್ಷ ಮುಂದಿನ ತರಗತಿಯಿಲ್ಲ. ಬೀಗದ ನಂಬರ್ ಬರೆದ ಚೀಟಿ ಎಲ್ಲಿ ಮೆಲೆಸೇನಿ ಅಂದೆ, ಬೈಬಲ್ಲಿನೊಳಗೆ ಇಟ್ಟಿದ್ದೆ ಫಿಲಿಮೋನೆ, ಅತ್ತಿಗೆ ಬೈಬಲ್ ಸಮೇತ ದೋಣಿ ಹತ್ತಿದ್ಲು, ಫೋನೂ ಸಿಗ್ತಿಲ್ಲ, ದೇವರೇ ಕಾಪಾಡಬೇಕು, ದೇವರಿಗೂ ಆ ನಂಬರ್ ಬೇಕಲ್ಲೇ ಅಂದೆ, ನಕ್ಕಳು, ಎಂಟು ವರ್ಷದಿಂದ ಆ ನಗುವಿಗಾಗಿಯೇ ಅವಳ ಯಂತ್ರಗಳ ಧೂಳು ಒರೆಸುತ್ತಿದ್ದೇನೆ, ಗಂಡ ತೀರಿಕೊಂಡ ಮರುವರ್ಷದಿಂದ, ಕೇಳುವುದೊಂದು ಬಾಕಿ, ಈ ಕ್ರಿಸ್‌ಮಸ್‌ಗೆ ಕೇಳಬೇಕೆಂದಿದ್ದೆ. ಬ್ಯಾಟರಿ ಕೀಳುವ ಮೊದಲು ಯಂತ್ರ ತನ್ನೊಳಗೆ ಬರೆದಿಟ್ಟ ದಿನಚರಿ ನೋಡುವುದು ನನ್ನ ಅಭ್ಯಾಸ, ಶುಕ್ರವಾರ ಕರೆಂಟು ಹೋಗಿ ಬಂದಿದೆ, ಚಿಪ್ ಕಳೆದಿದೆ, ಸರಿ, ಆಮೇಲೆ ಇನ್ನೊಂದು ಸಾಲು — ಭಾನುವಾರ, ಮಧ್ಯಾಹ್ನ ಮೂರೂ ಇಪ್ಪತ್ತು, ಯಾರೋ ಯಂತ್ರ ಶುರುವಾಗುವ ಮೊದಲಿನ ಸೆಟ್ಟಿಂಗ್ ತೆರೆದಿದ್ದಾರೆ. ಭಾನುವಾರ! ಈ ಊರಲ್ಲಿ ಭಾನುವಾರ ಮೊಳೆ ಹೊಡೆದರೂ ಪೊಲೀಸರು ಬಂದು ಕೇಳುತ್ತಾರೆ, ಅಂಗಡಿ ಮುಚ್ಚಿ ಹಾಡುವುದು, ಉಣ್ಣುವುದು, ಮಲಗುವುದು, ಅಷ್ಟೇ, ಸೆಟ್ಟಿಂಗ್ ತೆರೆಯುವುದು ಅವಳಿಗೆ ಬಾರದು, ಊರಿನಲ್ಲಿ ಅದು ಬರುವವರು ಇಬ್ಬರೇ, ನಾನು ಮತ್ತು ಬಂದರಿನ ಹತ್ತಿರ ರಿಪೇರಿ ಅಂಗಡಿಯಿಟ್ಟಿರುವ ಕಿಟಿಯೊನೆ, ನಾನು ಭಾನುವಾರ ಮಲಗಿದ್ದೆ. ಏನಾದರೂ ಕೆಡಿಸಿದ್ದಾನೆಯೇ ಎಂದು ಎರಡು ಸಲ ಹುಡುಕಿದೆ, ಕೆಡಿಸಿರಲಿ ಎಂದೇ ಹುಡುಕಿದೆ, ಏನೂ ಬದಲಿಸದೆ ಮುಚ್ಚಿದ್ದಾನೆ, ಪಾಪಿ. ತಂತಿ ಕಿತ್ತೆ, ಪವರ್ ಗುಂಡಿ ಒತ್ತಿ ಹಿಡಿದೆ, ಒಳಗೆ ಉಳಿದ ಚೂರುಪಾರು ಕರೆಂಟೂ ಹೋಗಲಿ, ಇನ್ನು ಅರ್ಧ ಗಂಟೆ, ಅರ್ಧ ಗಂಟೆ ಬಾಯಿ ಮುಚ್ಚಿಕೊಂಡಿರಲು ನನ್ನಿಂದಾಗಲಿಲ್ಲ, ಭಾನುವಾರವೂ ಕೆಲಸ ನಡೆದಿದೆಯಲ್ಲ ಮೆಲೆಸೇನಿ, ಅಂದೆ, ಅಯ್ಯೋ ಪಾದ್ರಿಗೆ ಹೇಳಬೇಡ ಮಾರಾಯ, ಕಿಟಿಯೊನೆ ಊಟಕ್ಕೆ ಬಂದಿದ್ದ, ನಾನೇ ತೋರಿಸ್ದೆ, ಐದು ನಿಮಿಷ ನೋಡಿ ಇದು ನನ್ ಕೈಲಾಗಲ್ಲ, ನಾಳೆ ಫಿಲಿಮೋನೆ ಹತ್ರ ಒಯ್ಯಿ, ಅವನಿಗೆ ತಾಳ್ಮೆ ಜಾಸ್ತಿ ಅಂದ. ಆಮೇಲೆ? ಆಮೇಲೇನು, ಎದ್ದುಹೋಗಿ ತಟ್ಟೆಯೆಲ್ಲ ತೊಳೆದಿಟ್ಟ. ತಟ್ಟೆ? ಬೇಡ ಬೇಡ ಅಂದೆ, ಕೇಳಲೇ ಇಲ್ಲ, ಅತಿಥಿ ಗಂಡಸು ಪಾತ್ರೆ ತಿಕ್ಕೋದಾ, ಪಕ್ಕದ ಮನೆಯೋರು ಕಿಟಕೀಲೇ ನಿಂತಿದ್ರು, ಎನ್ನುತ್ತಾ ಬೀಸಣಿಗೆಯಿಂದ ಮುಖ ಮರೆಮಾಡಿಕೊಂಡಳು, ಮರೆಮಾಡುವಂಥದ್ದೇನಿತ್ತು, ಕಣ್ಣಿಗೆ ಕಟ್ಟಿದಂತೆ ಮೊಳಕೈವರೆಗೆ ಸೋಪಿನ ನೊರೆ, ಅವನ ಆ ದಪ್ಪ ಕೈಗಳು, ನೀಲಿ ಅಂಚಿನ ತಟ್ಟೆ. ಗಡಿಯಾರ ನೋಡಿದೆ, ಅರ್ಧ ಗಂಟೆ ಆಗಿತ್ತು, ತಂತಿ ಸಿಕ್ಕಿಸಿದೆ, ಗುಂಡಿ ಒತ್ತಿದೆ, ಚಿಪ್ ಬಂತು, ಬೀಗ ತೆರೆಯಿತು, ಅಂಕಗಳೆಲ್ಲ ಇದ್ದಲ್ಲೇ ಇವೆ, ಅವಳು ಚಪ್ಪಾಳೆ ತಟ್ಟಿ ನನಗೆ ಒಂದು ಮಾತು ಹೇಳುವ ಮೊದಲೇ ಫೋನಿನಲ್ಲಿ ಹೇಳಿದಳು, ಕಿಟಿಯೊನೆ, ಸರಿಹೋಯ್ತು ಕಣೋ. ಹಣ ಬೇಡವೆಂದೆ, ಹೋದಳು, ಮಕ್ಕಳು ಗೆದ್ದರು, ಒಳ್ಳೆಯದಾಯಿತು. ಎಂಟು ವರ್ಷದಲ್ಲಿ ಎಷ್ಟು ಭಾನುವಾರ ಅವಳ ಮನೆಯಲ್ಲಿ ಕೆಸುವಿನೆಲೆಯಲ್ಲಿ ಬೆಂದ ಮಾಂಸ ತಿಂದು, ಬಹಳ ಚೆನ್ನಾಗಿತ್ತು ಎಂದು ಹೇಳಿ, ಕೈ ಒರೆಸಿಕೊಂಡು ಎದ್ದು ಬಂದೆ, ಒಂದು ತಟ್ಟೆಯನ್ನೂ ಎತ್ತಲಿಲ್ಲ — ನೊರೆ, ದಪ್ಪ ಕೈ, ನೀಲಿ ಅಂಚಿನ ತಟ್ಟೆ —